ಅರ್ಧ ಇಂಚು ಚೋಕ್

ಇಂದು ಬೆಳಿಗ್ಗೆ ಕಚೇರಿಗೆ 40 ನಿಮಿಷ ತಡವಾಗಿ ತಲುಪಿದ ನಾನು, ಕಾರಣ ಕೇಳಿದ ಮೇಲಧಿಕಾರಿಗೆ ‘ಕಾರು ಸ್ಟಾರ್ಟ್ ಆಗಲಿಲ್ಲ’ ಎಂದಷ್ಟೇ ಹೇಳಿ ಸುಮ್ಮನಾದೆ. ಪೂರ್ತಿ ಸತ್ಯ ಹೇಳುವುದಾಗಿದ್ದರೆ, ಮೈನಸ್ 4 ಡಿಗ್ರಿ ಚಳಿಯಲ್ಲಿ ಒಂದೇ ಕಾಲಿಗೆ ಬೂಟು ತೊಟ್ಟು, ಇನ್ನೊಂದು ಬೂಟಿನಿಂದ ಕಾರಿನ ತಳಕ್ಕೆ ಬಾರಿಸುತ್ತಾ ನೆಲದ ಮೇಲೆ ಮಲಗಿದ್ದೆ ಎಂದು ವಿವರಿಸಬೇಕಾಗುತ್ತಿತ್ತು.

ದಿನಬಳಕೆಯ ಕಾರನ್ನು ಹೆಂಡತಿ ಬೆಳಗಿನ ಪಾಳಿಗೆ ಒಯ್ದಿದ್ದಳು. ಉಳಿದದ್ದು ನನ್ನ 1969ರ ಎಂ.ಜಿ.ಬಿ. ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಇಂಗ್ಲೆಂಡಿನ ಕೋವೆಂಟ್ರಿಯಲ್ಲಿ ಚಳಿಗಾಲ ಬಂತೆಂದರೆ ಮಂಜು ಕರಗಿಸಲು ರಸ್ತೆಗೆ ತುಕ್ಕು ಹಿಡಿಸುವ ಉಪ್ಪು ಚೆಲ್ಲುತ್ತಾರಾದ್ದರಿಂದ, ತಗಡಿನ ಮೇಲೆ ಪ್ರೀತಿಯಿರುವ ಯಾರೂ ಇಂಥ ಕಾರನ್ನು ಹೊರಗೆ ತೆಗೆಯುವುದಿಲ್ಲ. ನನಗೂ ಪ್ರೀತಿಯಿದೆ, ಆದರೆ ಒಂಬತ್ತಕ್ಕೆ ಮೀಟಿಂಗ್ ಇತ್ತು. 1962ರಲ್ಲಿ ಈ ಮಾದರಿ ಮೊದಲು ಬಂದಾಗ ಹೀಟರನ್ನೇ ಬೇರೆ ಹಣ ಕೊಟ್ಟು ಹಾಕಿಸಿಕೊಳ್ಳಬೇಕಿತ್ತು. ಚಳಿಯ ವಿಷಯದಲ್ಲಿ ಅಂದಿನ ಇಂಗ್ಲಿಷರ ಧೋರಣೆ ಏನೆಂಬುದು ಅಷ್ಟರಿಂದಲೇ ಗೊತ್ತಾಗುತ್ತದೆ.

ಚಳಿಯಲ್ಲಿ ಪೆಟ್ರೋಲು ಆವಿಯಾಗಲು ಒಪ್ಪುವುದಿಲ್ಲ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನಿಂದ ಹೊರಟದ್ದರಲ್ಲಿ ಬಹುಪಾಲು ದಾರಿಯಲ್ಲೇ, ಸಿಲಿಂಡರಿಗೆ ಒಯ್ಯುವ ಮ್ಯಾನಿಫೋಲ್ಡ್ ಕೊಳವೆಯ ತಣ್ಣನೆಯ ಗೋಡೆಗೆ ಇಬ್ಬನಿಯಂತೆ ಅಂಟಿಕೊಂಡು, ಸಿಲಿಂಡರಿಗೆ ತಲುಪುವುದು ಬರೀ ಗಾಳಿ. ಬೆಚ್ಚಗಿನ ಎಂಜಿನ್ನಿಗೆ ಒಂದು ತೂಕ ಪೆಟ್ರೋಲಿಗೆ ಹದಿನಾಲ್ಕೂಮುಕ್ಕಾಲು ತೂಕದಷ್ಟು ಗಾಳಿ ಸಾಕಾದರೆ, ತಣ್ಣಗಿರುವಾಗ ಪೆಟ್ರೋಲನ್ನು ಅದರ ಹಲವು ಪಟ್ಟು ಸುರಿಯಬೇಕಾಗುತ್ತದೆ. ಆ ಕೆಲಸಕ್ಕೇ ಚೋಕ್ ಇರುವುದು. ನನ್ನ ಕಾರಿನಲ್ಲಿರುವ ಎಸ್.ಯು. ಕಂಪನಿಯ ಎರಡು ಕಾರ್ಬುರೇಟರುಗಳಲ್ಲಿ ಅದು ಹೆಸರಿಗೆ ಮಾತ್ರ ಚೋಕ್. ಗಾಳಿಯ ಕತ್ತು ಹಿಸುಕುವ ರೆಕ್ಕೆ ಅದರೊಳಗಿಲ್ಲ. ಚೋಕಿನ ಗುಬಟನ್ನು ಎಳೆದರೆ ಮೊದಲ ಸ್ವಲ್ಪ ದೂರ, ಎಂಜಿನ್ನಿನ ವೇಗ ಏರಿಸುವ ಥ್ರಾಟಲ್ ಮಾತ್ರ ತುಸು ತೆರೆದುಕೊಳ್ಳುತ್ತದೆ. ಇನ್ನೂ ಎಳೆದರೆ ಪೆಟ್ರೋಲು ಬರುವ ಕೆಳಗಿನ ಸಣ್ಣ ನಳಿಕೆ, ಅಂದರೆ ಜೆಟ್, ಇಳಿದು, ಮೊನಚಾದ ಸೂಜಿಯ ಸುತ್ತಲಿನ ಸಂದು ಹಿಗ್ಗಿ, ಹೆಚ್ಚು ಪೆಟ್ರೋಲು ಹರಿಯುತ್ತದೆ. ಎಷ್ಟು ಎಳೆಯಬೇಕು, ಯಾವಾಗ ಒಳಗೆ ತಳ್ಳಬೇಕು ಎಂಬುದನ್ನು ತೀರ್ಮಾನಿಸುವ ಯಂತ್ರ ಯಾವುದೂ ಕಾರಿನಲ್ಲಿಲ್ಲ. ಆ ಯಂತ್ರ ನಾನು.

ನಾನೊಬ್ಬನೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಈ ಡಿಸೆಂಬರಿನಲ್ಲಿ ಸಕಲೇಶಪುರದಿಂದ ನಮ್ಮ ಮಾವನವರು ಬಂದಿದ್ದಾರೆ. ಅವರು 22 ವರ್ಷ ಅಂಬಾಸಿಡರ್ ಓಡಿಸಿದವರು. ಅಂಬಾಸಿಡರಿನ 1489 ಸಿ.ಸಿ. ಎಂಜಿನ್ನೂ ನನ್ನ ಕಾರಿನ 1798 ಸಿ.ಸಿ. ಎಂಜಿನ್ನೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ (ಬಿ.ಎಂ.ಸಿ.) ಬಿ-ಸೀರೀಸ್ ಎಂಬ ಒಂದೇ ವಂಶದ ದಾಯಾದಿಗಳೆಂದು ಗೊತ್ತಾದ ದಿನವೇ ನನ್ನ ಕಾರಿನ ಯಜಮಾನಿಕೆ ಅವರಿಗೆ ವರ್ಗವಾಯಿತು. ಮಂಕಿ ಟೋಪಿ ಹಾಕಿ, ಮೇಲೆ ಶಾಲು ಹೊದ್ದು, ನೆಲಕ್ಕೆ ತಾಗಿದಂತಿರುವ ಆ ಸೀಟಿನಲ್ಲಿ ಅವರು ಕೂರುವುದೆಂದರೆ ಬಾವಿಗೆ ಕೊಡ ಇಳಿಬಿಟ್ಟ ಹಾಗೆ. ಕೂತ ಮೇಲೆ ಸ್ಟಿಯರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಬಳಿಕ ಆಕ್ಸಿಲರೇಟರನ್ನು ಮೂರು ಸಲ ಒತ್ತುತ್ತಾರೆ: “ಒಂದು... ಎರಡು... ಮೂರು.” ಎಣಿಕೆ ಗಟ್ಟಿಯಾಗಿಯೇ ಆಗಬೇಕು, ನಡುವೆ ಯಾರಾದರೂ ಮಾತನಾಡಿಸಿದರೆ ಮತ್ತೆ ಒಂದರಿಂದ. ಆಮೇಲೆಯೇ ಸೆಲ್ಫ್ ಹೊಡೆಯುವುದು.

“ಮಾವ, ಈ ಕಾರ್ಬುರೇಟರಿನಲ್ಲಿ ಪೆಡಲ್ ಒತ್ತಿದರೆ ಪೆಟ್ರೋಲ್ ಚಿಮ್ಮಿಸುವ ಪಂಪ್ ಇಲ್ಲ” ಎಂದು ಮೊದಲ ದಿನವೇ ಹೇಳಿದೆ. ಇರುವುದು ಎಣ್ಣೆ ತುಂಬಿದ ಒಂದು ಡ್ಯಾಂಪರ್. ಎಂಜಿನ್ ತಿರುಗದಿರುವಾಗ ಮೂರು ಸಲವಲ್ಲ, ಮುನ್ನೂರು ಸಲ ಒತ್ತಿದರೂ ಒಂದು ಹನಿ ಹೆಚ್ಚಿಗೆ ಬೀಳುವುದಿಲ್ಲ. ಅವರು ನನ್ನನ್ನು ಕರುಣೆಯಿಂದ ನೋಡಿ, “ಅಳಿಯಂದಿರೇ, ಮೂರು ಸಲ ಒತ್ತದೆ ಯಾವ ಗಾಡಿ ಎದ್ದಿದೆ ಹೇಳಿ?” ಎಂದರು. ಮುಂದಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರ ಅಂಬಾಸಿಡರಿನಲ್ಲಿದ್ದದ್ದೂ ಎಸ್.ಯು. ಕಾರ್ಬುರೇಟರೇ. ದಿನಕ್ಕೆರಡು ಬಾರಿಯಂತೆ 22 ವರ್ಷ ಲೆಕ್ಕ ಹಾಕಿದರೆ ಮಾವನವರು ಏನಿಲ್ಲವೆಂದರೂ 48,000 ಸಲ ಆ ಪೆಡಲನ್ನು ಸುಮ್ಮಸುಮ್ಮನೆ ತುಳಿದಿದ್ದಾರೆ. ಹೆಣ್ಣು ಕೊಟ್ಟ ಮಾವನಿಗೆ ಈ ಲೆಕ್ಕವನ್ನು ಒಪ್ಪಿಸುವ ಧೈರ್ಯ ಇನ್ನೂ ಬಂದಿಲ್ಲ.

ಇಂದು ಬೆಳಿಗ್ಗೆ ಅರ್ಧ ಇಂಚು ಚೋಕ್ ಸಾಕೆಂದು ನಾನು, ಪೂರ್ತಿ ಎಳೆಯಬೇಕೆಂದು ಅವರು. ಪೂರ್ತಿ ಎಳೆದದ್ದೂ ಆಯಿತು, ಎಣಿಸಿದ್ದೂ ಆಯಿತು. ಸೀಟಿನ ಹಿಂದೆ ಅಡಗಿರುವ 6 ವೋಲ್ಟಿನ ಎರಡು ಬ್ಯಾಟರಿಗಳು ಚಳಿಗೆ ಅರ್ಧ ಸತ್ತಿದ್ದವು. 20ಡಬ್ಲ್ಯು-50 ಎಂಜಿನ್ ಎಣ್ಣೆ ಜೋನಿಬೆಲ್ಲದಂತೆ ಗಟ್ಟಿಯಾಗಿತ್ತು. ಸ್ಟಾರ್ಟರ್ ಎರಡು ಸುತ್ತು ನರಳಿ ನಿಂತಿತು. ಆಗ ಹೊಳೆಯಿತು, ಪೆಟ್ರೋಲ್ ಪಂಪಿನ ಸದ್ದೇ ಇಲ್ಲವೆಂದು. ಕೀ ತಿರುಗಿಸಿದೊಡನೆ ಅದು ಹಿಂದಿನಿಂದ ಟಿಕ್ ಟಿಕ್ ಎನ್ನಬೇಕು, ಕಾರ್ಬುರೇಟರಿನ ಬಟ್ಟಲು ತುಂಬಿದ ಮೇಲೆ ಸುಮ್ಮನಾಗಬೇಕು. ಮಾವನವರು ಆ ಸದ್ದಿಗೆ ‘ಹಲ್ಲಿ ನುಡಿಯಿತು’ ಎನ್ನುತ್ತಾರೆ. ಇಂದು ಹಲ್ಲಿ ನುಡಿಯಲಿಲ್ಲ. ನಾನು ವರ್ಷಗಟ್ಟಲೆ ಶುಚಿ ಮಾಡದೆ ಬಿಟ್ಟ, ಪಂಪಿಗೆ ಕರೆಂಟು ಕೊಟ್ಟು ತೆಗೆಯುವ ಕಾಂಟ್ಯಾಕ್ಟ್ ಪಾಯಿಂಟುಗಳು ಕಚ್ಚಿಕೊಂಡಿದ್ದವು. ತಪ್ಪು ಪೂರ್ತಿ ನನ್ನದು.

ಅದಕ್ಕಿರುವ ಶಾಸ್ತ್ರೋಕ್ತ ಚಿಕಿತ್ಸೆ ಒಂದು ಮೆತ್ತನೆಯ ಏಟು. ಸುತ್ತಿಗೆ ಸಿಗದೆ ಬೂಟು ಬಿಚ್ಚಿದೆ. ಪಂಪೂ ಎಸ್.ಯು.ನದೇ. ಎಸ್.ಯು. ಎಂದರೆ ಸ್ಕಿನ್ನರ್ಸ್ ಯೂನಿಯನ್. ಅದನ್ನು ಕಟ್ಟಿದ ಸ್ಕಿನ್ನರ್ ಸೋದರರು ಪಾದರಕ್ಷೆ ವ್ಯಾಪಾರದ ಮನೆತನದವರು, ಅವರ ಮೊದಮೊದಲ ಕಾರ್ಬುರೇಟರುಗಳಲ್ಲಿ ಚರ್ಮದ ತಿದಿಯೇ ಇತ್ತು. ಹಾಗಾಗಿ ಬೂಟಿನ ಪ್ರಯೋಗ ವಂಶಪರಂಪರೆಗೆ ವಿರುದ್ಧವಲ್ಲವೆಂದು ಸಮಾಧಾನ ಮಾಡಿಕೊಂಡು, ಹಿಂದಿನ ಚಕ್ರದ ಬಳಿ ಮಂಜುಗಟ್ಟಿದ ನೆಲದಲ್ಲಿ ಅಂಗಾತ ಮಲಗಿ, ಕೈ ತೂರಿಸಿ ಹೊಡೆಯತೊಡಗಿದೆ. ಮೇಲಿನಿಂದ “ಒಂದು...” ಎಂಬ ಗಂಭೀರ ಧ್ವನಿ. ಕೆಳಗಿನಿಂದ ನನ್ನ ಟಪ್. “ಎರಡು...” ಟಪ್. ಅಷ್ಟರಲ್ಲಿ, ಹಾಸಿಗೆಯಲ್ಲಿದ್ದುಕೊಂಡೇ ಫೋನಿನಿಂದ ತಮ್ಮ ವಿದ್ಯುತ್ ಕಾರನ್ನು ಬೆಚ್ಚಗೆ ಮಾಡಿಸಿಕೊಂಡು ಬಂದ ಪಕ್ಕದ ಮನೆಯವರು ನನ್ನ ಕಾಲ್ಚೀಲದ ಪಾದವನ್ನು ನೋಡುತ್ತಾ, ಎಷ್ಟು ಚೆಂದದ ಹಳೆಯ ಕಾರು ಎಂದು ಹೊಗಳಿ, ಸದ್ದಿಲ್ಲದೆ ಜಾರಿಹೋದರು. ಮಾತು ಕಿವಿಗೆ ಬಿದ್ದು ಮಾವನವರ ಎಣಿಕೆ ತಪ್ಪಿತು. ಮತ್ತೆ ಒಂದರಿಂದ.

ಎರಡನೆಯ ಸುತ್ತಿನ ‘ಮೂರು’ ಎನ್ನುವಾಗ ನನ್ನ ಏಟು ಸರಿಯಾಗಿ ತಗುಲಿ ಹಲ್ಲಿ ನುಡಿಯಿತು. ಅದು ನುಡಿದು ಸುಮ್ಮನಾಗುವವರೆಗೂ ಕೀ ಮುಟ್ಟಬೇಡಿ ಎಂದು ಕೆಳಗಿನಿಂದಲೇ ಕೂಗಿ, ನಾನು ಎದ್ದು ಬಂದ ಮೇಲೆ ಮಾವನವರು ಸೆಲ್ಫ್ ಹೊಡೆದರು. ಕಪ್ಪು ಹೊಗೆಯುಗುಳಿ, ಕೆಮ್ಮಿ, ಎಂಜಿನ್ ಎದ್ದಿತು. “ನೋಡಿದಿರಾ?” ಎಂದರು ಮಾವನವರು, ಬೂಟು ಹಿಡಿದು ನಿಂತ ನನ್ನನ್ನು ನೋಡಿ.

ಚೋಕನ್ನು ಒಳಗೆ ತಳ್ಳಲು ಕೈ ಚಾಚಿದರೆ ತಡೆದರು: “ಇನ್ನೊಂದು ಚೂರು ಇರಲಿ, ಪಾಪ, ಚಳಿ.” ಸಕಲೇಶಪುರದಲ್ಲಿ ಮನೆ ಮುಂದಿನ ಇಳಿಜಾರಿನಲ್ಲೇ ದಿನವೂ ಅಂಬಾಸಿಡರನ್ನು ನಿಲ್ಲಿಸುತ್ತಿದ್ದರಂತೆ, ಏಳದಿದ್ದ ದಿನ ಬೀದಿಯ ಹುಡುಗರು ಕರೆಯದೆಯೇ ಓಡಿಬಂದು ತಳ್ಳುತ್ತಿದ್ದರಂತೆ. ಕಾರು ಮಾರಿ ಹೋದರೂ ಎಂಜಿನ್ ತಿರುಗಿಸಿ ಎಬ್ಬಿಸುವ ಅದರ ಹ್ಯಾಂಡಲ್ ಉಗ್ರಾಣದ ಬಾಗಿಲ ಹಿಂದೆ ಇನ್ನೂ ನಿಂತಿದೆ. “ಈಗ ಮಗನ ಗಾಡಿಗೆ ಗುಂಡಿ ಒತ್ತಿದರೆ ಸಾಕು. ನನ್ನನ್ನು ಯಾರೂ ಏನೂ ಕೇಳುವುದಿಲ್ಲ” ಎಂದರು. ನಾನು ಗಡಿಯಾರ ನೋಡಿದೆ. ಆದರೂ ಚೋಕ್ ಮುಟ್ಟಲಿಲ್ಲ.

ನಾಳೆ ಮೈನಸ್ 6 ಎಂದು ಹವಾಮಾನ ವಾರ್ತೆ ಹೇಳುತ್ತಿದೆ. ಮಾವನವರು ಮಂಕಿ ಟೋಪಿಯನ್ನು ಈಗಲೇ ಮನೆಯ ಹೀಟರಿನ ಮೇಲೆ ಬೆಚ್ಚಗಾಗಲು ಹರವಿದ್ದಾರೆ. ಅದರ ಪಕ್ಕದಲ್ಲಿ ನನ್ನ ಎಡಗಾಲಿನ ಬೂಟು.