ಹುಡುಗರಿಗೆ ಗೊತ್ತಿರುವ ಕೆಲಸವೇ ಹಾಳೆ ಮೇಲೆ ಇರಲ್ಲ

ಕೆಲಸ ಹುಡುಕುವವರ ರೆಸ್ಯೂಮೆ ಒಂದೇ ಪುಟದಲ್ಲಿರಲಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಒಪ್ಪುತ್ತೇನೆ. ಆದರೆ ಆ ಒಂದು ಪುಟದಲ್ಲಿ ಏನಿರಬೇಕು ಅಂತ ನಮ್ಮ ಹುಡುಗರಿಗೆ ಯಾರೂ ಹೇಳಿಕೊಡುತ್ತಿಲ್ಲ. ನಾನು ಬೆಂಗಳೂರಿನ ಪೀಣ್ಯದಲ್ಲಿ, ಲೋಹ ಕೊರೆದು ಬಿಡಿಭಾಗ ಮಾಡುವ ಒಂದು ಸಣ್ಣ ಮಷಿನ್ ಶಾಪಿನಲ್ಲಿ ಕೆಲಸ ಕೇಳಿ ಬರುವವರನ್ನು ಮಾತಾಡಿಸುತ್ತೇನೆ. ಐಟಿಐ, ಡಿಪ್ಲೊಮಾ ಮುಗಿಸಿದವರೇ ಜಾಸ್ತಿ. ಹೆಚ್ಚಿನ ರೆಸ್ಯೂಮೆಗಳು ಒಂದೇ ಅಚ್ಚಿನವು, ಸೈಬರ್ ಸೆಂಟರಿನಲ್ಲಿ ಹೆಸರು ಮಾತ್ರ ಬದಲಿಸಿ ಪ್ರಿಂಟ್ ತೆಗೆಸಿದ್ದು. ತಂದೆ ಹೆಸರು, ಮದುವೆ ಆಗಿದೆಯೋ ಇಲ್ಲವೋ, ಹವ್ಯಾಸ ಹಾಡು ಕೇಳುವುದು, ಕೊನೆಗೆ ಮೇಲಿನದೆಲ್ಲ ಸತ್ಯ ಅಂತ ಒಂದು ಪ್ರಮಾಣ. ಕೆಲಸದ ಬಗ್ಗೆ ಒಂದು ಸಾಲೂ ಇಲ್ಲ!

ಕಳೆದ ತಿಂಗಳು ತಿಪಟೂರು ಕಡೆಯ ಹುಡುಗನೊಬ್ಬ ಬಂದಿದ್ದ. ಹಾಳೆಯಲ್ಲಿ ಬರೀ 'ಹಾರ್ಡ್ ವರ್ಕರ್'. ಸುಮ್ನೆ ಸೂಕ್ಷ್ಮ ಅಳತೆಯ ಉಪಕರಣ ಮೈಕ್ರೋಮೀಟರ್ ಕೈಗೆ ಕೊಟ್ಟೆ. ಮೊದಲು ಝೀರೋ ಎರರ್, ಅಂದರೆ ಖಾಲಿ ಮುಚ್ಚಿದಾಗ ಸೊನ್ನೆ ತೋರಿಸುತ್ತಾ ಅಂತ, ನೋಡಿಕೊಂಡ, ಆಮೇಲೆ ಪೀಸನ್ನು ಮೂರು ಕಡೆ ಅಳೆದು 0.01 ಮಿ.ಮೀ. ತನಕ ಸರಿಯಾಗಿ ಹೇಳಿದ. ಇದನ್ನ ಯಾಕಪ್ಪಾ ಬರೆದಿಲ್ಲ ಅಂದರೆ, "ಇದನ್ನೂ ಬರೀಬೇಕಾ ಸರ್?" ಅಂದ. ಅದನ್ನೇ ಬರೀಬೇಕು ಅಲ್ವಾ! ಯಾವ ಮಷಿನ್ ಓಡಿಸಿದ್ದೀರಿ, ಅದನ್ನು ನಡೆಸುವ ಕಂಪ್ಯೂಟರ್ ಕಂಟ್ರೋಲ್ ಫ್ಯಾನುಕ್ ಕಂಪನಿಯದಾ ಸೀಮೆನ್ಸ್‌ದಾ, ಟೂಲಿನ ಅಳತೆ ಹೊಂದಿಸುವ ಆಫ್‌ಸೆಟ್ ನೀವೇ ಹಾಕ್ತೀರಾ, ಡ್ರಾಯಿಂಗ್ ಓದಲು ಬರುತ್ತಾ, ಇಷ್ಟು ಬರೆಯಿರಿ. ಬರೀ 'ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷಿನ್) ಗೊತ್ತು' ಅಂದರೆ ನಮಗೆ ಏನೂ ತಿಳಿಯಲ್ಲ.

ಇಂಗ್ಲಿಷ್ ಬರಲ್ಲ ಅಂತ ಬಾಗಿಲಲ್ಲೇ ಅಂಜಬೇಡಿ. ಮಾಡಿದ ಕೆಲಸವನ್ನು ಕನ್ನಡದಲ್ಲೇ ಬಿಡಿಸಿ ಹೇಳಿ, ನಮ್ಮಂಥ ಕಡೆ ಕೇಳುವವರಿಗೂ ಅದೇ ಬೇಕು. ಹಾಗೇ ಫೋನ್ ನಂಬರ್ ಸರಿ ಇದೆಯಾ ನೋಡಿಕೊಳ್ಳಿ. ಆ ಹುಡುಗನ ಹಾಳೆಯಲ್ಲಿ ಇದ್ದದ್ದು ಹಳೇ ನಂಬರ್, ನಾನೇ ಪೆನ್ನು ಕೊಟ್ಟು ತಿದ್ದಿಸಿಕೊಂಡೆ.