ಕಾಕಾ ಹೊಡೆದ ಜೆಪಿಜಿ

ನಿನ್ನೆಯ ತಲೆಬಿಸಿ ಇನ್ನೂ ಇಳಿದಿಲ್ಲ. ಇಳಿಯಲು ಕಲಬುರಗಿಯ ಮೇ ತಿಂಗಳು ಬಿಡಬೇಕಲ್ಲ.

ಮಗಳು ಧಾರವಾಡದಲ್ಲಿ ಓದುತ್ತಾಳೆ. ಮುಂಜಾನೆ ನಾನು ಚಹಾ ಕುಡಿಯುತ್ತಿದ್ದಾಗ ಫೋನ್ ಮಾಡಿದಳು. "ಅಪ್ಪಾ, ಅರ್ಜಿ ಎಲ್ಲಾ ತುಂಬೀನಿ. 371(ಜೆ) ಒಂದೇ ಉಳಿದದ, ಅದು ಮನಿ ಲ್ಯಾಪ್‌ಟಾಪಿನ್ಯಾಗ ಅದ. ಇವತ್ತ ಐದೂವರಿಗೆ ಲಾಸ್ಟ್. ನನಗ ಎರಡರಿಂದ ಐದರ ತನ ಪರೀಕ್ಷಾ. ನೀವ ಹಾಕಿಬಿಡ್ರಿ, ಮೂರ ನಿಮಿಷದ ಕೆಲಸ."

371(ಜೆ) ಅಂದರೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2012ರ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಬಂದ ಕಲಮು. ಓದು, ನೌಕರಿಯಲ್ಲಿ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಮಕ್ಕಳಿಗೆ ಒಂದಷ್ಟು ಜಾಗ ಕಾಯ್ದಿಡುವಂಥದ್ದು. ಅದಕ್ಕೆ ಬೇಕಾದ ಪ್ರಮಾಣಪತ್ರ ಮಾಡಿಸುವಾಗ ನಾನು ಎಷ್ಟು ಸಲ ಮೆಟ್ಟಿಲು ಹತ್ತಿಳಿದೆ ಅನ್ನುವುದು ಬೇರೆ ಪುರಾಣ, ಅದು ಈಗ ಬೇಡ.

ಊಟ ಮುಗಿಸಿ ಎರಡು ಗಂಟೆಗೆ ಕುಳಿತೆ. ಪಿಡಿಎಫ್ ಸಿಕ್ಕಿತು, ಮೂರು ಪುಟ. ಅಪ್‌ಲೋಡ್ ಒತ್ತಿದೆ. ಕೆಂಪಕ್ಷರ ಬಂತು: ಜೆಪಿಜಿ ಮಾತ್ರ. ಪ್ರತಿ ಪುಟ ಬೇರೆ ಬೇರೆ. 50 ಕೆಬಿಗಿಂತ ಕಡಿಮೆ ಇರಬಾರದು, 200 ಕೆಬಿ ಮೀರಬಾರದು. ಹೊಸ ಸೊಸೆ ಉಪ್ಪು ಹಾಕುವಾಗ ಅತ್ತೆ ಹೇಳುವ ಲೆಕ್ಕದಂಗೆ.

ನಾನೂ ಬುದ್ಧಿವಂತನೇ. ಫೈಲಿನ ಹೆಸರಿನ ಕೊನೆಯಲ್ಲಿದ್ದ 'ಪಿಡಿಎಫ್' ಅಳಿಸಿ 'ಜೆಪಿಜಿ' ಅಂತ ಬರೆದೆ. ಲ್ಯಾಪ್‌ಟಾಪ್ "ಖಾತ್ರಿ ಏನು?" ಅಂತ ಕೇಳಿತು, ಖಾತ್ರಿ ಅಂದೆ. ಅರ್ಜಿಯವರು ಅದನ್ನೂ ವಾಪಸು ಒಗೆದರು. ಆಮೇಲೆ ಯೋಚಿಸಿದರೆ ಅವರದೇನೂ ತಪ್ಪಿಲ್ಲ. 2014ರ ನವೆಂಬರ್ 1ಕ್ಕೆ ಗುಲಬರ್ಗಾ ಅಂತಿದ್ದ ಬೋರ್ಡು ಅಳಿಸಿ ಕಲಬುರಗಿ ಅಂತ ಬರೆದರು. ಬಿಸಿಲು ಒಂದು ಡಿಗ್ರಿ ಆದರೂ ಇಳಿಯಿತೇ?

ಪುಕ್ಕಟೆ ಪುಟ ಬದಲಿಸಿಕೊಡುವ ಜಾಲತಾಣಕ್ಕೆ ಹೋದೆ. ಪುಕ್ಕಟೆ ಅನ್ನುವುದು ಬಾಗಿಲ ತನಕ ಮಾತ್ರ. ಒಳಗೆ ನಾಲ್ಕು ಕಡೆ 'ಡೌನ್‌ಲೋಡ್' ಅಂತ ಹಸಿರು ಗುಂಡಿ, ಅದರಲ್ಲಿ ಮೂರು ಜಾಹೀರಾತು. ಮಗಳ ಹುಟ್ಟಿದ ದಿನಾಂಕ, ನಮ್ಮ ಮನೆ ವಿಳಾಸ, ನನ್ನ ತಂದೆಯ ಹೆಸರು ಎಲ್ಲಾ ಯಾವ ದೇಶದ ಯಾವ ಕಂಪ್ಯೂಟರಿಗೆ ಹೋದವೋ! ಕೊನೆಗೆ ಒಂದು ಜಿಪ್ ಫೈಲ್ ಬಂತು. ಬಿಚ್ಚಿದರೆ ಮೂರು ಚಿತ್ರ. ಮೊದಲನೆಯದು 2.1 ಎಂಬಿ. ಮೂರನೆಯ ಪುಟ ನಾನೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದ ಮುಚ್ಚಳಿಕೆ. ಆ ಫಾಂಟು ಪಿಡಿಎಫ್‌ನೊಳಗೆ ಸೇರಿರಲಿಲ್ಲ ಅಂತ ಕಾಣುತ್ತದೆ, ಕನ್ನಡವೆಲ್ಲಾ ತಲೆಗೆ ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳಾಗಿ ನಿಂತಿತ್ತು. ನಮ್ಮಪ್ಪನ ಹೆಸರು ಯಾವುದೋ ಯುರೋಪಿನ ದೊರೆಯ ಹೆಸರಿನಂತೆ ಕಾಣುತ್ತಿತ್ತು.

ಇರಲಿ, ಮೊದಲನೆಯದನ್ನಾದರೂ 200 ಕೆಬಿಗೆ ಇಳಿಸೋಣ ಅಂತ ಇನ್ನೊಂದು ಜಾಲತಾಣಕ್ಕೆ ಹೋದೆ. ಅದು ಹಿಂಡಿದ ರಭಸಕ್ಕೆ ಅಕ್ಷರಗಳ ಸುತ್ತ ಬೂದು ಚುಕ್ಕೆ ಮುತ್ತಿಕೊಂಡವು, ದುಂಡನೆಯ ಶಿಕ್ಕಾ ಚಹಾ ಕಪ್ಪಿಟ್ಟ ಕಲೆಯಾಯಿತು. ಜೆಪಿಜಿ ಹುಟ್ಟಿದ್ದು ಫೋಟೊಕ್ಕಂತೆ, ಅಕ್ಷರಕ್ಕಲ್ಲ. ಚಿತ್ರವನ್ನು ಎಂಟಕ್ಕೆಂಟರ ಚೌಕ ಚೌಕ ಮಾಡಿಕೊಂಡು, ಕಣ್ಣಿಗೆ ಕಾಣದಿದ್ದರೂ ನಡೆಯುತ್ತದೆ ಅನಿಸಿದ್ದನ್ನು ಎಸೆಯುತ್ತದೆ. ಮೋಡ, ಮುಖ, ಗಿಡ ಆದರೆ ಗೊತ್ತಾಗುವುದಿಲ್ಲ. ಬಿಳಿ ಹಾಳೆಯ ಮೇಲಿನ ಕರಿ ಅಕ್ಷರವಾದರೆ ಎಸೆದದ್ದೆಲ್ಲಾ ಅಂಚಿನಲ್ಲಿ ಗುಂಯ್‌ಗುಡುತ್ತದೆ. ತಿಳಿದವರು ಇದಕ್ಕೆ ಇಟ್ಟ ಹೆಸರೇ ಸೊಳ್ಳೆ ಗದ್ದಲ. ನಮ್ಮ ಓಣಿಯ ಚರಂಡಿ ನೋಡಿ ಇಟ್ಟರೋ ಏನೋ. ಜೆಪಿಜಿಯ ನಿಯಮ ಬರೆದದ್ದು 1992ರಲ್ಲಿ, ಪಿಡಿಎಫ್ ಬಂದದ್ದು 1993ರಲ್ಲಿ. ವರ್ಷ ಅಂತರದ ಅಣ್ಣತಮ್ಮಂದಿರು, ಮೂವತ್ತು ವರ್ಷವಾದರೂ ಒಬ್ಬರ ಹೊಸ್ತಿಲು ಒಬ್ಬರು ದಾಟುವುದಿಲ್ಲ.

ಅಷ್ಟರಲ್ಲಿ ಕರೆಂಟ್ ಹೋಯಿತು. ನಾಲ್ಕು ಗಂಟೆ. ಸೂಪರ್ ಮಾರ್ಕೆಟ್ ಕಡೆ ಝೆರಾಕ್ಸ್ ಅಂಗಡಿಗೆ ಹೋಗೋಣ ಅಂತ ಫೋನ್ ಮಾಡಿದರೆ, "ಇಲ್ಲೂ ಹೋಗ್ಯಾದ್ರಿ ಸರ, ಬಂದ ಮ್ಯಾಲ ಹೇಳ್ತೀನಿ" ಅಂದ ಹುಡುಗ. ಪಡಸಾಲೆಯಲ್ಲಿ ಮಲಗಿದ್ದ ಕಾಕಾ ಫ್ಯಾನ್ ನಿಂತದ್ದಕ್ಕೆ ಎದ್ದು ಕುಳಿತರು.

ನಮ್ಮ ಕಾಕಾ ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿ ಇದ್ದು ನಿವೃತ್ತರಾದವರು. ಕಾಗದ ಅಂದರೆ ಅವರಿಗೆ ಜೀವ. ಮೊಮ್ಮಗ ಮೊಬೈಲ್ ಕೊಡಿಸಿದಾಗಿನಿಂದ ಕಂಡ ಕಾಗದಕ್ಕೆಲ್ಲಾ ಫೋಟೊ ಹೊಡೆಯುತ್ತಾರೆ: ಲೈಟ್ ಬಿಲ್, ಲಗ್ನಪತ್ರಿಕೆ, ಔಷಧದ ಚೀಟಿ, ದಿನಸಿ ಯಾದಿ. "ದಾಖಲಾ ಇರಬೇಕ ತಮ್ಮ" ಅನ್ನುತ್ತಾರೆ. ಅವರ ಗ್ಯಾಲರಿಯಲ್ಲಿ ಮನುಷ್ಯರ ಫೋಟೊ ಹುಡುಕಿದರೂ ಸಿಗುವುದಿಲ್ಲ.

"ಏನ್ ಬೇಕಾಗ್ಯಾದ?"

"ಈ ಪುಟ ಫೋಟೊ ಆಗಬೇಕ್ರಿ ಕಾಕಾ."

"ಅಷ್ಟೇ ಏನು! ಹೊಡದ್ರ ಆತು."

ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಉಸಿರಾಡುತ್ತಿತ್ತು. ಕಾಕಾ ಅದರ ಮುಂದೆ ಕುಳಿತು, ಚಶ್ಮಾ ಹಾಕಿಕೊಂಡು, ಮೊದಲು ಇಡೀ ಪ್ರಮಾಣಪತ್ರವನ್ನು ಮೇಲಿನಿಂದ ಕೆಳಗೆ ಗಟ್ಟಿಯಾಗಿ ಓದಿದರು. ಓದದೆ ಯಾವ ಕಾಗದವನ್ನೂ ಅವರು ಮುಂದಕ್ಕೆ ಬಿಟ್ಟವರಲ್ಲ. ಓದಿ, ತಲೆಯಾಡಿಸಿ, ಮೊಬೈಲ್ ಎತ್ತಿ ಟಕ್ಕಂತ ಹೊಡೆದರು. ಪರದೆಯ ಮೇಲೆ ಹಾವು ಹರಿದಂತೆ ಬಣ್ಣ ಬಣ್ಣದ ಪಟ್ಟೆ. ಎರಡನೆಯ ಸಲ ಸ್ವಲ್ಪ ಓರೆಯಾಗಿ ಹಿಡಿದರು. ಈ ಸಲ ಪಟ್ಟೆ ಹೋಯಿತು, ಕಾಕಾ ಬಂದರು. ಲ್ಯಾಪ್‌ಟಾಪಿನ ಗಾಜಿನಲ್ಲಿ ಬನಿಯನ್ ಹಾಕಿಕೊಂಡ ಕಾಕಾ, ಕೈಯಲ್ಲಿ ಮೊಬೈಲು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಸರಿಯಾಗಿ ಆ ವಿಭೂತಿಯ ಮೇಲೆ ಸಹಾಯಕ ಆಯುಕ್ತರ ಸಹಿ.

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕಾಕಾ ಫೋಟೊ ಹಿಗ್ಗಿಸಿ, ಕುಗ್ಗಿಸಿ ನೋಡಿದರು. "ಛೇ" ಅಂದರು. "ಸರಕಾರಿ ಕಾಗದದಾಗ ಬನಿಯನ್ ಮ್ಯಾಲ ಕಾಣಬಾರ್ದು."

ಎದ್ದು ಹೋದರು. ನಾನು ಮುನಿಸಿಕೊಂಡರೇನೋ ಅಂದುಕೊಂಡರೆ, ಇಸ್ತ್ರಿ ಮಾಡಿದ ಬಿಳಿ ನೆಹರು ಅಂಗಿ ತೊಟ್ಟು, ಮೇಲಿನ ಗುಂಡಿ ಹಾಕಿಕೊಳ್ಳುತ್ತಾ ಬಂದರು. ಬಿಳಿ ಅಂಗಿ ಬನಿಯನ್ನಿಗಿಂತ ಜೋರಾಗಿ ಹೊಳೆಯಿತು. ಮಗಳ ಹೆಸರಿದ್ದ ಸಾಲು ಅದರೊಳಗೆ ಮುಳುಗಿಯೇ ಹೋಯಿತು. "ಬೆಳಕಿನ ತಪ್ಪದು" ಅಂತ ಕಿಡಕಿ ಮುಚ್ಚಿಸಿದರು, ಬಾಗಿಲು ಮುಚ್ಚಿಸಿದರು. ಮೇ ತಿಂಗಳು, ಫ್ಯಾನ್ ಇಲ್ಲ, ಮುಚ್ಚಿದ ಕೋಣೆ, ಇಬ್ಬರು ಗಂಡಸರು ಒಂದು ಪ್ರಮಾಣಪತ್ರವನ್ನು ದಿಟ್ಟಿಸುತ್ತಾ ಬೆವರುತ್ತಿದ್ದೇವೆ. ಅದೇ ಹೊತ್ತಿಗೆ ಬ್ಯಾಟರಿ ಮುಗಿದು ಲ್ಯಾಪ್‌ಟಾಪ್ ಕಣ್ಣು ಮುಚ್ಚಿತು. ಐದಕ್ಕೆ ಹತ್ತು ನಿಮಿಷ.

"ಅಸಲ ಕಾಗದ ಎಲ್ಲದ?" ಅಂದರು ಕಾಕಾ, ಕತ್ತಲಲ್ಲಿ.

ಈ ಪ್ರಶ್ನೆಯನ್ನು ಎರಡು ಗಂಟೆಗೇ ಯಾಕೆ ಯಾರೂ ಕೇಳಲಿಲ್ಲವೋ! ಅಟ್ಟದ ಟ್ರಂಕಿನಿಂದ ಅವರೇ ತೆಗೆದರು. ಯಾವ ಕಾಗದ ಎಷ್ಟನೆಯ ಪದರಿನಲ್ಲಿದೆ ಅಂತ ನನಗಿಂತ ಅವರಿಗೇ ಗೊತ್ತು. ಹೊರಸಿನ ಮೇಲೆ ಹಾಸಿದ್ದ ಕೌದಿಯ ಮೇಲೆ ಹರವಿದರು. ಮಡಿಕೆ ಬಿದ್ದ ಹಾಳೆ ಪದೇ ಪದೇ ಮುದುರಿಕೊಳ್ಳುತ್ತಿತ್ತು. ಒಂದು ಮೂಲೆಗೆ ಟಿವಿ ರಿಮೋಟು, ಒಂದಕ್ಕೆ ಚಶ್ಮಾದ ಡಬ್ಬಿ, ಒಂದಕ್ಕೆ ಅಡಿಕೆ ಕತ್ತರಿ, ನಾಲ್ಕನೆಯದಕ್ಕೆ ಕಾಕಾನ ಹೆಬ್ಬೆರಳು. ಬಾಗಿಲು ತೆಗೆದೆ, ನಾನೇ ಹೊಡೆದೆ. ಮೂರು ಪುಟ, ಮೂರು ಫೋಟೊ, ಒಂದೊಂದು 4 ಎಂಬಿ. ಅವನ್ನು ನನ್ನ ಹೆಂಡತಿಗೆ ವಾಟ್ಸಾಪ್ ಮಾಡಿ, ಅವಳಿಂದ ವಾಪಸು ತರಿಸಿಕೊಂಡೆ. ದೊಡ್ಡ ಫೋಟೊವನ್ನು ಕೇಳದೇ ಕುಗ್ಗಿಸುವುದು ವಾಟ್ಸಾಪಿನ ಹುಟ್ಟುಗುಣ. ನಿನ್ನೆ ಮೊದಲ ಸಲ ಅದಕ್ಕೆ ಕೈಮುಗಿದೆ. 171, 184, 198 ಕೆಬಿ. ತವರಿನಲ್ಲಿದ್ದ ಹೆಂಡತಿ "ಯಾರದಿದು ಬೆಳ್ಳು?" ಅಂತ ಕೇಳಿದ್ದಕ್ಕೆ ಉತ್ತರ ಕೊಡಲು ಪುರುಸೊತ್ತಿರಲಿಲ್ಲ. ಮೊಬೈಲಿನಿಂದಲೇ ಏರಿಸಿದೆ. ಐದು ಇಪ್ಪತ್ತೊಂದಕ್ಕೆ ಹಸಿರು ಟಿಕ್ಕು ಬಿತ್ತು. ಅಂಚು ಕತ್ತರಿಸುವಷ್ಟೂ ಹೊತ್ತಿರಲಿಲ್ಲ.

ರಾತ್ರಿ ಮಗಳು ಫೋನ್ ಮಾಡಿದಳು. ಮೊದಲು ಬೈದಳು. ಬದಲಿಸುವಾಗ ಇಂಚಿಗೆ 300 ಚುಕ್ಕೆ ಅಂತ ಇದ್ದುದನ್ನು 150ಕ್ಕೆ ಇಳಿಸಿ, ಕಪ್ಪು-ಬಿಳುಪು ಆರಿಸಿದ್ದರೆ ಪುಟ ಸಾವಿರದ ಚಿಲ್ಲರೆ ಚುಕ್ಕೆ ಅಗಲಕ್ಕೆ ಬಂದು, ಸೊಳ್ಳೆಯೂ ಇಲ್ಲ, ಕಾಕಾನೂ ಇಲ್ಲದೆ ಮುಗಿಯುತ್ತಿತ್ತಂತೆ. ಇದನ್ನು ಮುಂಜಾನೆ ಹೇಳಲು ಏನಾಗಿತ್ತು ಅಂತ ನಾನೂ ಬೈದೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅಪ್ಪಾ, ಸುತ್ತ ಕಾಣ್ತದಲ್ಲ, ಅದು ಅಜ್ಜಿ ಕೌದಿ ಏನು?"

ಹೌದು. ಪ್ರಮಾಣಪತ್ರದ ನಾಲ್ಕೂ ಕಡೆ ನಮ್ಮವ್ವ ಹೊಲಿದ ಕೌದಿ. ಎಡಕ್ಕೆ ಅವಳ ಇಳಕಲ್ ಸೀರೆಯ ಸೆರಗಿನ ತುಂಡು, ಕೆಳಗೆ ನನ್ನ ಸಾಲಿ ಚಡ್ಡಿಯ ಖಾಕಿ, ಮೇಲೆ ಅಪ್ಪನ ಧೋತರದ ಅಂಚು. ದೊಡ್ಡದು ಮಾಡಿ ನೋಡಿದರೆ ಅವಳ ಹೊಲಿಗೆಯ ಓಟ, ಕಣ್ಣು ಮಂಜಾದ ಮೇಲೆ ಅಲ್ಲಲ್ಲಿ ದಾರಿ ತಪ್ಪಿದ್ದು, ಎಲ್ಲಾ ಎಣಿಸಬಹುದು. ರೇಶನ್ ಕಾರ್ಡ್ ಬಿಟ್ಟರೆ ಸರಕಾರದ ಯಾವ ಕಾಗದದಲ್ಲೂ ಅವ್ವ ಇರಲಿಲ್ಲ, ಅದರಲ್ಲೂ ಹೆಬ್ಬೆಟ್ಟು. ತಿರಸ್ಕಾರ ಮಾಡಿಯಾರು ಅಂತ ಮಗಳಿಗೆ ಭಯ. ಮಾಡಿದರೆ ಮಾಡಲಿ, ಅಂಚು ಕತ್ತರಿಸಿ ಇನ್ನೊಮ್ಮೆ ಕಳಿಸುತ್ತೇನೆ. ನನಗಂತೂ ಕತ್ತರಿಸುವ ಮನಸ್ಸಿಲ್ಲ.

ಮಲಗುವ ಮುಂಚೆ ಮೊಬೈಲಿನಲ್ಲಿ ಜಾಗ ಮಾಡಲು ಬೇಡದ್ದನ್ನೆಲ್ಲಾ ಅಳಿಸುತ್ತಾ ಕುಳಿತಿದ್ದೆ. ಅದನ್ನು ನೋಡಿ ಕಾಕಾ ತಮ್ಮ ಮೊಬೈಲ್ ಹಿಡಿದುಕೊಂಡು ಬಂದರು. ಪಟ್ಟೆ ಪಟ್ಟೆ ಬಂದದ್ದನ್ನೂ, ನೆಹರು ಅಂಗಿಯದನ್ನೂ ಅಳಿಸಲು ಹೇಳಿದರು. ನಡುವಿನದರ ಮೇಲೆ ಬೆರಳಿಟ್ಟಾಗ ನನ್ನ ಕೈ ಹಿಡಿದರು.

"ಅದ ಇರ್ಲಿ. ಬನಿಯನ್ ಆದ್ರ ಏನಾತು, ವಿಭೂತಿ ಚಂದ ಬಂದದ."