ನೆಟ್‌ವರ್ಕ್ ಇದ್ದಷ್ಟು ಕಾಲು ಚಾಚು

ಆ ಹಾಸಿಗೆಗಳ ಸುದ್ದಿ ನಿಮಗೆ ನೆನಪಿರಲೇಬೇಕು. 2025ರ ಅಕ್ಟೋಬರ್ 20ರಂದು ಅಮೆಜಾನ್‌ನ ಕ್ಲೌಡ್ ಸೇವೆ, ಅಂದರೆ ಬೇರೆ ಕಂಪನಿಗಳಿಗೆ ಇಂಟರ್ನೆಟ್ ಮೂಲಕ ಬಾಡಿಗೆಗೆ ಕೊಡುವ ಕಂಪ್ಯೂಟರ್‌ಗಳು, ಕೈಕೊಟ್ಟಾಗ ಆ್ಯಪ್‌ಗಳು, ಆಟಗಳು, ಹಣ ಪಾವತಿ ಎಲ್ಲವೂ ನಿಂತವು. ನಿಲ್ಲಲಿ ಬಿಡಿ, ಅವು ನಿಲ್ಲುವುದೇ ಹಾಗೆ. ಆದರೆ ಇಂಟರ್ನೆಟ್ಟಿಗೆ ಜೋಡಿಸಿದ್ದ ಕೆಲವರ ಸ್ಮಾರ್ಟ್ ಹಾಸಿಗೆಯೂ ನಿಂತುಹೋಯಿತು. ತಲೆಯ ಕಡೆ ಎತ್ತಿದ್ದು ಇಳಿಯಲಿಲ್ಲ, ಬಿಸಿಯಾಗಿದ್ದು ತಣಿಯಲಿಲ್ಲ. ಸಾವಿರಾರು ಡಾಲರ್ ತೆತ್ತವರು ಅರ್ಧ ಕುಳಿತು, ಅರ್ಧ ಮಲಗಿ, ಬೆವರುತ್ತ ಬೆಳಗು ಮಾಡಿದರು. ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್ ಕಂಪ್ಯೂಟರ್‌ಗಳು ಎಚ್ಚರಗೊಳ್ಳುವವರೆಗೆ ಇವರಿಗೆ ನಿದ್ರೆಯಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು, ಪಾಪ, ಉದ್ದ ಅಗಲವನ್ನಷ್ಟೇ ಲೆಕ್ಕ ಹಾಕಿದ್ದರು.

ಹಾಸಿಗೆಯ ಕಂಪನಿ ಕ್ಷಮೆ ಕೇಳಿತು. ಇಂಟರ್ನೆಟ್ ಇಲ್ಲದಿದ್ದರೂ ಕೆಲಸ ಮಾಡುವ ಹೊಸ ಸೌಲಭ್ಯವನ್ನೂ ಕೊಟ್ಟಿತು. ಹಾಸಿಗೆಯು ಹಾಸಿಗೆಯಂತೆ ಇರುವುದು ಈಗ ಹೊಸ ಸೌಲಭ್ಯ. ಚಪ್ಪಾಳೆ ತಟ್ಟೋಣ.

ನನ್ನ ಅನುಭವ ಇಷ್ಟು ದುಬಾರಿಯದಲ್ಲ. ಮೊನ್ನೆ ಒಂದು ಕಚೇರಿಯಲ್ಲಿ ಎರಡೂ ಕೈಗೆ ಸೋಪು ಬಳಿದುಕೊಂಡು ಸೆನ್ಸರ್ ನಲ್ಲಿಯ ಮುಂದೆ ನಿಂತೆ. ನಾನು ಇದ್ದೇನೆ ಎಂಬುದನ್ನು ಅದು ಒಪ್ಪಲಿಲ್ಲ. ಕೈಯನ್ನು ಮೇಲೆ ಕೆಳಗೆ ಆಡಿಸಿದೆ, ಹತ್ತಿರ ತಂದೆ, ದೂರ ಒಯ್ದೆ. ದೆವ್ವ ಬಿಡಿಸುವವನೂ ಅಷ್ಟು ಹೊತ್ತು ಕೈ ಆಡಿಸುವುದಿಲ್ಲ. ಪಕ್ಕದವರಿಗೆ ನೀರು ಬರುತ್ತಿತ್ತು. ಸೋತು ಅತ್ತ ಸರಿದೊಡನೆ ನನ್ನ ನಲ್ಲಿ ಖಾಲಿ ಬೇಸಿನ್‌ಗೆ ಧಾರಾಳವಾಗಿ ಸುರಿಯಿತು. ನೀರು ಉಳಿಸುವ ಸಾಧನವಂತೆ ಅದು.

ಸೇಫ್ಟಿ ಪಿನ್ನನ್ನು ನೀವು ಎಂದಾದರೂ ನಿಧಾನವಾಗಿ ನೋಡಿದ್ದೀರಾ? 1849ರಲ್ಲಿ ನ್ಯೂಯಾರ್ಕಿನ ವಾಲ್ಟರ್ ಹಂಟ್ ಅದಕ್ಕೆ ಪೇಟೆಂಟ್ ಪಡೆದ. ಹದಿನೈದು ಡಾಲರ್ ಸಾಲ ತೀರಿಸಲು ಹುಡುಕಿದ ದಾರಿ ಅದು ಎನ್ನುತ್ತಾರೆ. ಒಂದೇ ತಂತಿ: ಒಂದು ತುದಿಯಲ್ಲಿ ಸುರುಳಿ, ಅದೇ ಸ್ಪ್ರಿಂಗು, ಇನ್ನೊಂದು ತುದಿಯಲ್ಲಿ ಮೊನೆಯನ್ನು ಬಚ್ಚಿಡುವ ಕೊಂಡಿ. ಹಕ್ಕನ್ನು 400 ಡಾಲರಿಗೆ ಮಾರಿ ಸುಮ್ಮನಾದ. ಇದಕ್ಕೂ ಮೊದಲು ಹೊಲಿಗೆ ಯಂತ್ರ ಮಾಡಿ, ಅದಕ್ಕೆ ಪೇಟೆಂಟನ್ನೇ ಕೇಳದೆ ಬಿಟ್ಟಿದ್ದವನು. ದುಡ್ಡಿನ ವಿಷಯದಲ್ಲಿ ನನ್ನ ಜಾತಕದವನೇ ಇರಬೇಕು. ಆ ಪಿನ್ನು ಇಂದಿನ ಜಾಣರ ಕೈಗೆ ಸಿಕ್ಕಿದ್ದರೆ ‘ನಿಮ್ಮ ಪಿನ್ ತೆರೆದುಕೊಂಡಿದೆ’ ಎಂದು ಮೊಬೈಲಿಗೆ ಸಂದೇಶ ಬರುತ್ತಿತ್ತು. ಚುಚ್ಚಿದ ಮೇಲೆ. ತಿಂಗಳ ಚಂದಾ ಕಟ್ಟಿದ್ದರೆ ಮಾತ್ರ.

ಬಿಕ್ ಕಂಪನಿಯ ಕ್ರಿಸ್ಟಲ್ ಪೆನ್ನೂ ಹೀಗೆಯೇ. 1950ರಿಂದ ಹೆಚ್ಚುಕಡಿಮೆ ಅದೇ ಆಕಾರ. ಆರು ಮುಖವಿರುವುದರಿಂದ ಮೇಜಿನಿಂದ ಉರುಳಿ ಬೀಳುವುದಿಲ್ಲ. ಶಾಯಿ ಎಷ್ಟು ಉಳಿದಿದೆ ಎಂದು ಹೊರಗಿನಿಂದಲೇ ಕಾಣುತ್ತದೆ. ಮುಚ್ಚಳದ ತುದಿಗೆ ಮುಂದೆ ಒಂದು ತೂತು ಕೊರೆದರು: ಯಾವುದಾದರೂ ಮಗು ಅದನ್ನು ನುಂಗಿ ಗಂಟಲಿಗೆ ಸಿಕ್ಕಿಸಿಕೊಂಡರೆ ಉಸಿರಾಡಲು ಗಾಳಿ ಹೋಗಲಿ ಎಂದು. ಬಳಸಿ ಎಸೆಯುವ ಪೆನ್ನಿನಲ್ಲಿ, ಎಂದೂ ಕಾಣದ ಮಗುವಿನ ಗಂಟಲಿನ ಬಗ್ಗೆ ಯೋಚಿಸಿದ್ದಾರೆ. ಸಾವಿರಾರು ಡಾಲರಿನ ಹಾಸಿಗೆ ಮಾಡಿದವರಿಗೆ ಅದರ ಮೇಲೆ ಮಲಗುವವನ ಯೋಚನೆ ಬರಲಿಲ್ಲ.

2017ರ ಆಗಸ್ಟ್‌ನಲ್ಲಿ ಸಿಂಗಪುರದ ಬಳಿ ಅಮೆರಿಕದ ಜಾನ್ ಎಸ್. ಮೆಕೇನ್ ಯುದ್ಧನೌಕೆಗೂ ಒಂದು ತೈಲ ಹಡಗಿಗೂ ಡಿಕ್ಕಿಯಾಯಿತು. ಹತ್ತು ನಾವಿಕರು ಸತ್ತರು. ತರಬೇತಿ ಸಾಲದಿತ್ತು, ನಿಜ. ಆದರೆ ನೌಕೆಯ ವೇಗ, ದಿಕ್ಕುಗಳ ನಿಯಂತ್ರಣವನ್ನು ಟಚ್ ಪರದೆಯೊಳಗೆ ತುಂಬಿಸಿದ್ದರು. ಯಾವ ಪರದೆಯ ಕೈಯಲ್ಲಿ ಯಾವ ನಿಯಂತ್ರಣ ಇದೆ ಎಂಬುದೇ ಆ ಗಳಿಗೆಯಲ್ಲಿ ಅಲ್ಲಿದ್ದವರಿಗೆ ತಿಳಿಯಲಿಲ್ಲ. ಆ ವಿನ್ಯಾಸ ತಪ್ಪಿಗೆ ದಾರಿ ಮಾಡಿತೆಂದು ತನಿಖೆ ಹೇಳಿತು. ಆಮೇಲೆ ನೌಕಾಪಡೆ ಕೈಯಲ್ಲಿ ಹಿಡಿದು ತಳ್ಳುವ ಲಿವರ್‌ಗಳನ್ನೇ ಮತ್ತೆ ಹಾಕಿಸಲು ತೀರ್ಮಾನಿಸಿತು. ಆಮೇಲೆ. ಇಲ್ಲಿ ನನಗೆ ಯಾವ ತಮಾಷೆಯೂ ಹೊಳೆಯುವುದಿಲ್ಲ. ಕೈಗೆ ಕಣ್ಣಿಲ್ಲದೆಯೂ ಗೊತ್ತಾಗುತ್ತಿದ್ದ ವಸ್ತುವನ್ನು ಕಿತ್ತು, ನೋಡಿದರೂ ಅರ್ಥವಾಗದ್ದನ್ನು ಇಟ್ಟು, ಅದನ್ನು ಸುಧಾರಣೆ ಎಂದು ಕರೆಯುವವರ ಮೇಲೆ ಸಿಟ್ಟು ಬರುತ್ತದೆ, ಅಷ್ಟೇ.

ಕಾರುಗಳ ಕಥೆಯೂ ಅದೇ. ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯುರೋ ಎನ್‌ಕ್ಯಾಪ್ 2026ರಿಂದ ಹೊಸ ನಿಯಮ ತಂದಿದೆ: ಪೂರ್ಣ ಅಂಕ ಬೇಕಾದರೆ ಇಂಡಿಕೇಟರ್, ವೈಪರ್, ಹಾರ್ನ್‌ಗಳಿಗೆ ಕೈಗೆ ಸಿಗುವ ಗುಂಡಿಯೋ ಲಿವರ್ರೋ ಇರಬೇಕು. ಹಾರ್ನ್‌ಗೆ ಗುಂಡಿ ಇಡಿ ಎಂದು ಎಂಜಿನಿಯರುಗಳಿಗೆ ಬರೆದು ತಿಳಿಸಬೇಕಾಗಿದೆ.

ಅಂದಹಾಗೆ, ಆ ಕಚೇರಿಯಲ್ಲಿ ನಾನು ಕೊನೆಗೆ ಕೈ ತೊಳೆದದ್ದು ಎಲ್ಲಿ ಎಂದು ಹೇಳಲಿಲ್ಲ. ನೆಲ ಒರೆಸುವವರು ಬಕೆಟ್ ತುಂಬಿಸಿಕೊಳ್ಳಲೆಂದು ಮೂಲೆಯಲ್ಲಿ ಒಂದು ಹಳೆಯ ತಿರುಪು ನಲ್ಲಿ ಉಳಿದುಕೊಂಡಿತ್ತು. ತಿರುಗಿಸಿದೆ, ನೀರು ಬಂತು. ಇದಕ್ಕೇಕೆ ಸೆನ್ಸರ್ ಹಾಕಿಲ್ಲ ಎಂದು ಬಕೆಟ್ ಹಿಡಿದು ನಿಂತಿದ್ದವರನ್ನು ಕೇಳಿದೆ.

“ಇಲ್ಲಿ ಕೆಲಸ ಆಗಬೇಕಲ್ಲ, ಸರ್” ಎಂದರು.